ಗೀಚಕ್ಕನ ಕುರ್ಚಿ

ಗೀಚಕ್ಕ ಪೆನ್ನು ಕೊಳ್ಳುವಾಗ ತಾನು ಬರೆದು ನೋಡುವುದಿಲ್ಲ. ಅಂಗಡಿಯಲ್ಲಿ ಪಕ್ಕ ನಿಂತವರ ಕೈಗೆ ಕೊಟ್ಟು, "ಸ್ವಲ್ಪ ಬರೆದು ನೋಡಿ, ಕೈ ನೋಯುತ್ತಾ ಹೇಳಿ" ಅನ್ನುತ್ತಾಳೆ. ಪಾಪ, ಅಕ್ಷರ ಬಾರದ ಮುದುಕಿ ಎಂದು ಅಂಗಡಿಯವನು ಕನಿಕರಪಡುತ್ತಾನೆ. ಪಡಲಿ. ಇಪ್ಪತ್ತೆರಡು ವರ್ಷ ಪೆನ್ನಿನ ಕಾರ್ಖಾನೆಯಲ್ಲಿ ದುಡಿದವಳು ನಾನು ಎಂದು ಅವನ ಮುಂದೆ ಹೇಳಿಕೊಂಡು ಅವಳಿಗೆ ಆಗಬೇಕಾದ್ದೇನು?

ಆ ಇಪ್ಪತ್ತೆರಡರಲ್ಲಿ ಮೊದಲ ಹನ್ನೊಂದು ವರ್ಷ ಅವಳ ಕೆಲಸ ಗೀಚುವುದು, ಗೀಚುವುದು, ಬರೀ ಗೀಚುವುದು. ಕಾರ್ಖಾನೆಯ ಕೊನೆಯಲ್ಲಿ ಕಿಟಕಿ ಪಕ್ಕ ಒಂದು ಮೇಜು, ಹಳೆಯ ಕಂಬಳಿ ಮಡಚಿ ಹಾಕಿದ ಒಂದು ಕುರ್ಚಿ. ಪ್ರತಿ ಟ್ರೇಯಿಂದ ಹನ್ನೆರಡು ಪೆನ್ನು ಆರಿಸಿ, ಒಂದೊಂದರಲ್ಲೂ ಒಂದು ಪುಟ ಸುರುಳಿ ಸುರುಳಿಯಾಗಿ ಗೀಚಬೇಕು. ಮೊನೆಯ ಗುಂಡು ಸರಿಯಾಗಿ ಉರುಳದಿದ್ದರೆ ಅವಳಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ಅವಳು ತಲೆಯಾಡಿಸಿದರೆ ಟ್ರೇ ಪಾಸು, ಇಲ್ಲದಿದ್ದರೆ ಬಂದ ದಾರಿಗೆ ಸುಂಕವಿಲ್ಲ. ಅಲ್ಲಿನ ವಾಸನೆ ಅವಳ ಮೈಯಲ್ಲಿ ಎಷ್ಟು ಇಳಿದುಬಿಟ್ಟಿದೆಯೆಂದರೆ, ಈಗಲೂ ಎಲ್ಲಾದರೂ ಬಿಸಿ ಪ್ಲಾಸ್ಟಿಕ್ಕಿನ ಗಮಲು ಬಂದರೆ ಉಳಿದವರು ಮೂಗು ಮುಚ್ಚಿಕೊಳ್ಳುತ್ತಾರೆ, ಇವಳು ನಿಂತು ಉಸಿರೆಳೆದುಕೊಳ್ಳುತ್ತಾಳೆ.

ಹನ್ನೊಂದನೆಯ ವರ್ಷ ತೆಳುವಾದ, ಫಳಫಳ ಹೊಳೆಯುವ ಹೊಸ ಪೆನ್ನು ಬಂತು. ಗೀಚಕ್ಕ ಪಾಸು ಮಾಡಿದಳು. ಎರಡೇ ತಿಂಗಳಿಗೆ ಡಬ್ಬಗಟ್ಟಲೆ ಪೆನ್ನು ವಾಪಸು ಬರತೊಡಗಿದವು. ಕೈ ನೋಯುತ್ತದಂತೆ, ಜಾರುತ್ತದಂತೆ. ಮ್ಯಾನೇಜರು ಮಾತ್ರ ಜಗ್ಗಲಿಲ್ಲ. "ಗೀಚಕ್ಕ ಪಾಸು ಮಾಡಿರೋ ಪೆನ್ನಿದು. ಬರೆಯೋಕೆ ಬರದವರಿಗೆಲ್ಲ ನಾವೇನು ಮಾಡೋಕಾಗುತ್ತೆ?" ಎಂದರು. ಗೀಚಕ್ಕನೂ ಹೌದೌದು ಎಂದಳು. ಹೊಗಳಿಕೆ ಯಾರಿಗೆ ಬೇಡ!

ಮನೆಯಲ್ಲಿ ಅತ್ತೆ ಇದ್ದರು. ಅರವತ್ತು ದಾಟಿದ ಮೇಲೆ ಮಧ್ಯಾಹ್ನದ ತರಗತಿಗೆ ಹೋಗಿ ಅಕ್ಷರ ಕಲಿಯುತ್ತಿದ್ದ ಹಟಮಾರಿ. ದೂರದಲ್ಲಿದ್ದ ತಮ್ಮ ಅಕ್ಕನಿಗೆ ಒಂದು ಕಾಗದವನ್ನಾದರೂ ಸ್ವಂತ ಕೈಯಲ್ಲಿ ಬರೆಯಬೇಕೆಂಬುದು ಅವರ ಆಸೆ. "ಇಷ್ಟು ವರ್ಷ ಗಂಡನ ಕೈಲಿ ಬರೆಸಿದೆ, ಮಗನ ಕೈಲಿ ಬರೆಸಿದೆ. ಅವರ ಮುಂದೆ ಕೂತು ಹೇಳೋಕಾಗದ್ದೇ ಜಾಸ್ತಿ ಇತ್ತು" ಅನ್ನುತ್ತಿದ್ದರು. ಸೊಸೆ ಕಾರ್ಖಾನೆಯ ಹೊಸ ಪೆನ್ನನ್ನೇ ತಂದುಕೊಟ್ಟಳು. ಎರಡು ಸಾಲು ಬರೆದು ಅತ್ತೆ ಕೈ ಕೊಡವಿದರು.

"ಜಾರುತ್ತೆ ಕಣೆ ಇದು. ಗಟ್ಟಿಯಾಗಿ ಹಿಡಿದ್ರೆ ಬೆರಳು ಸತ್ತೇಹೋಗುತ್ತೆ."

ಗೀಚಕ್ಕ ಪೆನ್ನು ತೆಗೆದುಕೊಂಡು ಸರಸರನೆ ಅರ್ಧ ಪುಟ ಗೀಚಿದಳು. "ನೋಡಿ ಅತ್ತೆ, ಬೆಣ್ಣೆ ಹಾಗೆ ಹೋಗ್ತಿದೆ."

"ನಿನ್ನ ಕೈಗೆ ಪೊರಕೆಕಡ್ಡಿ ಕೊಟ್ರೂ ಬರೆಯುತ್ತೆ" ಎಂದರು ಅತ್ತೆ. "ಕೊಂಡುಕೊಳ್ಳೋರಿಗೆ ನಿನ್ನ ಕೈಯೂ ಕೊಡ್ತೀರೇನು?"

ಮಾತು ನಾಟಿತು. ಮರುದಿನ ಗೀಚಕ್ಕ, ಯಾರೂ ನೋಡದ ಹೊತ್ತಿನಲ್ಲಿ, ಪಾಸು ಮಾಡಿದ್ದ ಹನ್ನೆರಡು ಪೆನ್ನುಗಳನ್ನು ಎಡಗೈಯಲ್ಲಿ ಹಿಡಿದು ಬರೆದಳು. ಒಂಬತ್ತು ಜಾರಿದವು, ಕಾಗದ ಕೆರೆದವು, ಬೆರಳು ಹಿಂಡಿದವು. ಅವಳ ಬಲಗೈ ಹನ್ನೊಂದು ವರ್ಷದಲ್ಲಿ ಅವಳಿಗೇ ಗೊತ್ತಿಲ್ಲದೆ ಪಳಗಿಬಿಟ್ಟಿತ್ತು. ಪೆನ್ನು ತಡವರಿಸಿದರೆ ತಾನೇ ಓರೆಯಾಗುತ್ತಿತ್ತು, ಜಾರಿದರೆ ತಾನೇ ಹಿಡಿತ ಬದಲಿಸುತ್ತಿತ್ತು. ಎಷ್ಟು ಪೆನ್ನಿನ ತಪ್ಪನ್ನು ಈ ಕೈ ಮುಚ್ಚಿಹಾಕಿದೆಯೋ!

ಹೇಳಿದರೆ ಕುರ್ಚಿ ಹೋಗುತ್ತದೆ. ಎರಡು ದಿನ ಬಾಯಿಗೆ ಬೀಗ ಹಾಕಿಕೊಂಡು ಕೂತಳು. ಕೆಲಸ ಹೋಗುವ ಭಯವಲ್ಲ, ಪ್ಯಾಕಿಂಗಿನಲ್ಲಿ ಬೇಕಾದಷ್ಟು ಕೆಲಸವಿತ್ತು. ಆದರೆ "ಇದು ಸರಿಯಾ?" ಎಂದು ಅವಳನ್ನು ಯಾರಾದರೂ ಕೇಳಿದ್ದರೆ ಅದು ಆ ಕುರ್ಚಿಯಲ್ಲಿ ಕೂತಾಗ ಮಾತ್ರ. ಮನೆಯಲ್ಲಿ ಗಂಡನಾಗಲಿ, ಹಿಂದೆ ತವರಿನಲ್ಲಿ ಅಪ್ಪನಾಗಲಿ ಒಂದು ದಿನವೂ ಕೇಳಿದ್ದಿಲ್ಲ. ಬಿಡುವುದು ಸುಲಭವೇ?

ಮೂರನೆಯ ದಿನ ಮ್ಯಾನೇಜರ ಮುಂದೆ ನಿಂತಳು. "ಸಾರ್, ನನ್ನ ಕೈ ನಂಬಬೇಡಿ."

"ತಲೆಗಿಲೆ ಕೆಟ್ಟಿದೆಯೇನಮ್ಮಾ?"

ಅವಳು ಪೆನ್ನನ್ನು ಅವರ ಎಡಗೈಗೆ ಕೊಟ್ಟು, ಪಳಗದ ಕೈಯಲ್ಲಿ ಹೆಸರು ಬರೆದು ನೋಡಿ ಎಂದಳು. ತಮ್ಮ ಹೆಸರು ಮುಗಿಯುವಷ್ಟರಲ್ಲಿ ಮ್ಯಾನೇಜರ ಹಣೆಯಲ್ಲಿ ಬೆವರು. ಬೆರಳು ತಿಕ್ಕಿಕೊಳ್ಳುತ್ತಾ ಕೇಳಿದರು, "ಹಾಗಾದ್ರೆ ಆ ಕುರ್ಚೀಲಿ ಯಾರನ್ನ ಕೂರಿಸೋದು?"

"ನಮ್ಮತ್ತೇನ."

ಅತ್ತೆ ಬಂದು ಕೂತರು. ಗೀಚಕ್ಕ ಪ್ಯಾಕಿಂಗಿಗೆ ಹೋದಳು. ಸಂಜೆ ಅತ್ತೆಯ ಪುಟಗಳನ್ನು ನೋಡಿ, ಗೆರೆ ಎಲ್ಲಿ ಮುರಿದಿದೆ, ಎಲ್ಲಿ ಒತ್ತಿ ಕಾಗದ ತೂತಾಗಿದೆ ಎಂದು ಮ್ಯಾನೇಜರಿಗೆ ಹೇಳುವುದಷ್ಟೇ ಅವಳಿಗೆ ಉಳಿದದ್ದು. ಪೆನ್ನಿನ ಮೈ ದಪ್ಪವಾಯಿತು. ಬೆರಳು ಕೂರುವ ಕಡೆ ಮೆತ್ತನೆಯ ರಬ್ಬರು ಬಂತು. ಇಂಕನ್ನು ತೆಳು ಮಾಡಿದಾಗ ಅದು ಸೋರಿ ಅತ್ತೆಯ ಮೊಣಕೈವರೆಗೆ ನೀಲಿ. ಅವರು ಮ್ಯಾನೇಜರನ್ನು ಹಿಗ್ಗಾಮುಗ್ಗಾ ಬೈದರು, ಮ್ಯಾನೇಜರು ಕೈಕಟ್ಟಿ ನಿಂತು ಬೈಸಿಕೊಂಡರು. ನಾಲ್ಕು ತಿಂಗಳಾದ ಮೇಲೆ ಒಂದು ಪೆನ್ನಿನಲ್ಲಿ ಅತ್ತೆ ಪೂರ್ತಿ ಒಂದು ಪುಟವನ್ನು ಕೈ ಎತ್ತದೆ ಬರೆದರು. ಆ ಪೆನ್ನು ಮಾರುಕಟ್ಟೆಗೆ ಹೋಯಿತು. ಒಂದು ಡಬ್ಬವೂ ವಾಪಸು ಬರಲಿಲ್ಲ.

ಆಮೇಲೂ ಅತ್ತೆ ಕುರ್ಚಿಯಲ್ಲೇ ಇದ್ದರು. "ಅಮ್ಮಾ, ಇದು ಸರಿಯಾ?" ಎಂದು ಮ್ಯಾನೇಜರು ಕೇಳುವುದು ಪ್ಯಾಕಿಂಗಿನವರೆಗೂ ಕೇಳಿಸುತ್ತಿತ್ತು. ಗೀಚಕ್ಕನಿಗೆ ಹೊಟ್ಟೆ ಉರಿಯುತ್ತಿತ್ತು. ತಾನೇ ಕೂರಿಸಿದ ಅತ್ತೆಯ ಮೇಲೆ ಹೊಟ್ಟೆಕಿಚ್ಚು! ನೆನೆಸಿಕೊಂಡರೆ ಅವಳಿಗೆ ಇಂದಿಗೂ ನಾಚಿಕೆಯಾಗುತ್ತದೆ.

ಒಂದು ಸಂಜೆ ಅತ್ತೆಯ ಪುಟಗಳನ್ನು ನೋಡುತ್ತಿದ್ದಾಗ ಒಂದರ ಜೊತೆ ಕಟ್ಟಿದ್ದ ಪೆನ್ನು ಕಣ್ಣಿಗೆ ಬಿತ್ತು. ಡಬ್ಬಗಟ್ಟಲೆ ವಾಪಸು ಬಂದಿದ್ದ ಅದೇ ಹಳೆಯ ತೆಳು ಪೆನ್ನು, ಹೇಗೋ ಟ್ರೇಯಲ್ಲಿ ಸೇರಿಕೊಂಡಿತ್ತು. ಪುಟದಲ್ಲಿ ಒಂದು ಗೆರೆಯೂ ಮುರಿದಿರಲಿಲ್ಲ, ಒಂದು ತೂತೂ ಇರಲಿಲ್ಲ. ಅತ್ತೆ ಅದನ್ನು ಪಾಸು ಮಾಡಿದ್ದರು. ಅವರ ಕೈಯೂ ಪಳಗಿತ್ತು.

ಅಷ್ಟು ತಿಳಿದ ಮೇಲೆಯೇ ಅವಳು ಅಕ್ಷರಗಳನ್ನು ಓದಿದ್ದು. ಏನಾದರೂ ಬರೆಯಿರಿ ಎಂದಿದ್ದರಿಂದ ಅತ್ತೆ ಅಕ್ಕನಿಗೆ ಹೇಳಬೇಕಾದ್ದನ್ನೇ ಬರೆಯುತ್ತಿದ್ದರು. 'ಅಕ್ಕಾ, ಈ ಕುರ್ಚಿ ನನ್ನ ಸೊಸೆಯದು. ಅವಳಿಗೆ ಇದರ ಮೇಲೆ ಪ್ರಾಣ. ಆದರೂ ನನಗೆ ಬಿಟ್ಟುಕೊಟ್ಟಳು. ಮದುವೆಯಾಗಿ ಬಂದಾಗ ಅವಳನ್ನು ನಾನು ತುಂಬಾ ಗೋಳು ಹೊಯ್ದುಕೊಂಡೆ. ಇದನ್ನು ಯಾರ ಕೈಲಿ ಬರೆಸಲಿ ಹೇಳು.'

ಗೀಚಕ್ಕ ಪುಟ ಹಿಡಿದು ಕಿಟಕಿಯ ಹತ್ತಿರ ಹೋದಳು. "ಅತ್ತೆ, ನೀವೂ ಏಳಬೇಕಾಯ್ತು. ನಿಮ್ಮ ಕೈಲೂ ಈಗ ಎಲ್ಲಾ ಪೆನ್ನೂ ಬರೆಯುತ್ತೆ."

ಅತ್ತೆ ಅವಳ ಕೈಯಲ್ಲಿದ್ದ ಪುಟವನ್ನು ನೋಡಿದರು. "ಓದಿದೆಯಾ?"

"ಓದಿದೆ."

"ಒಳ್ಳೇದಾಯ್ತು ಬಿಡು" ಎಂದು ಅತ್ತೆ ಪೆನ್ನಿಗೆ ಕ್ಯಾಪು ಹಾಕಿ ಎದ್ದರು. "ಎದುರು ನಿಂತು ಹೇಳೋ ಧೈರ್ಯ ನನಗೆ ಬರ್ತಾನೇ ಇರಲಿಲ್ಲ."