ಎಣಿಸಬಾರದ ಕುರಿ, ಖಾಲಿ ಬಿಡಬಾರದ ಡಬ್ಬಿ

ಮೊನ್ನೆ ಬೆಳಿಗ್ಗೆ ಟ್ಯಾಬು ಹಿಡಿದ ಹುಡುಗಿಯೊಬ್ಬಳು ಕೊಟ್ಟೂರಿನ ನಮ್ಮ ಮನೆಯ ಕಟ್ಟೆಯ ಮೇಲೆ ಬಂದು ಕೂತಳು. ಏನೋ ಸಮೀಕ್ಷೆಯಂತೆ. ನಲ್ಲಿ ಇದೆಯೇ, ಟಿ.ವಿ. ಇದೆಯೇ, ಗ್ಯಾಸು ಇದೆಯೇ ಎಂದೆಲ್ಲ ಕೇಳಿ ಟಪಟಪ ಒತ್ತಿಕೊಂಡಳು. ಆಮೇಲೆ ತಲೆಯೆತ್ತದೆ, "ಮನಿಯಾಗ ಎಷ್ಟು ಮಂದಿ ಅದೀರಿ ಅಕ್ಕಾರ?" ಎಂದಳು. ನಾನು ಬೆರಳು ಮಡಚಲು ಹೋಗಿ ನಿಲ್ಲಿಸಿದೆ. ಮನೆಮಂದಿಯ ಸಂಖ್ಯೆ ಹೇಳಲು ತಡವರಿಸುವ ಹೆಂಗಸನ್ನು ಅವಳು ಅದೇ ಮೊದಲು ನೋಡಿದ್ದಿರಬೇಕು. "ತಡಿಯವ್ವ, ಚಾ ಇಟ್ಟು ಬರ್ತೀನಿ" ಎಂದು ಒಳಗೆ ಬಂದುಬಿಟ್ಟೆ. ಚಹಾ ಕುದಿಯುವುದರೊಳಗೆ ನಿಮಗೆ ಇದರ ಕತೆ ಹೇಳಿ ಮುಗಿಸುತ್ತೇನೆ. ಹಾಲು ಉಕ್ಕಿದರೆ ಮಾತ್ರ ನೀವೇ ಹೇಳಬೇಕು.

ಮದುವೆಗೆ ಮುಂಚೆ ನಾನೂ ಹೀಗೆ ಪ್ರಶ್ನೆ ಕೇಳುವ ಕಡೆಯವಳೇ. ಸಂಸ್ಥೆಯೊಂದು ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ಹಳ್ಳಿಗಳಲ್ಲಿ ಕಂಪ್ಯೂಟರ್ ಕೇಂದ್ರಗಳನ್ನು ತೆರೆದಿತ್ತು. ಬಡವರ ಮನೆ ಬಾಗಿಲಿಗೆ ಇಂಟರ್ನೆಟ್ ಮುಟ್ಟಿಸಬೇಕು ಎಂದು ತರಬೇತಿಯಲ್ಲಿ ನಮಗೆ ಹೇಳಿ ಕಳಿಸಿದ್ದರು. ನನ್ನ ಪಾಲಿಗೆ ಬಂದದ್ದು ಕಾನಹೊಸಹಳ್ಳಿಯಿಂದ ಒಳಕ್ಕಿರುವ ಒಂದು ಕುರಿಗಾರರ ಹಟ್ಟಿ. ಅಲ್ಲಿ ಇಂಟರ್ನೆಟ್ಟು ಬಡವರ ಬಾಗಿಲಿಗೆ ಬರುವ ಮಾತಿರಲಿ, ನಮ್ಮ ಕೇಂದ್ರದ ಕಿಟಕಿಗೇ ಬರುತ್ತಿರಲಿಲ್ಲ. ಡಾಂಗಲ್ಲಿಗೆ ಉದ್ದನೆಯ ವೈರು ಕಟ್ಟಿ ಬೇವಿನ ಗಿಡಕ್ಕೆ ನೇತುಹಾಕಿದರೆ ಒಂದಿಷ್ಟು ಸಿಗುತ್ತಿತ್ತು. ಗಿಡಕ್ಕೆ ಮಂಗ ಬಂತೆಂದರೆ ಆ ದಿನದ ಕೆಲಸ ಮುಗಿದಂತೆ. ಆದರೂ ನನ್ನ ಗತ್ತು ಕೇಳಬೇಡಿ! ತೆಲಿಗಿಯಲ್ಲಿ ಹುಟ್ಟಿ, ಹರಪನಹಳ್ಳಿಯಲ್ಲಿ ಡಿಗ್ರಿ ಮುಗಿಸಿದವಳು. ಮೌಸಿಗೆ ಕೂಡ ಜಾಲರಿಯಿದ್ದ ಕವರು ಹೊಲಿಸಿದ್ದೆ.

ಹಿಂದಿನ ಮಳೆಗಾಲದಲ್ಲಿ ಆ ಹಟ್ಟಿಯ ಕುರಿಗಳಿಗೆ ನೀಲಿ ನಾಲಿಗೆ ರೋಗ ಬಡಿದಿತ್ತು. ಬಾಯಿ ಊದಿ, ಮೇವು ಬಿಟ್ಟು, ಮನೆಮನೆಯಲ್ಲೂ ಸತ್ತಿದ್ದವು. ಈ ಸಲ ಮಳೆಗೆ ಮುಂಚೆಯೇ ಲಸಿಕೆ ಬರುವುದಿತ್ತು. ಯಾರ ಬಳಿ ಎಷ್ಟು ಕುರಿ ಎಂದು ನಮ್ಮ ಕೇಂದ್ರದಿಂದ ಕಂಪ್ಯೂಟರಿನಲ್ಲಿ ತುಂಬಿ ಕಳಿಸಬೇಕು. ಬರೆದಷ್ಟೇ ಲಸಿಕೆ. ನಾನು ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಹೊರಟೆ.

"ಎಷ್ಟು ಕುರಿ ಅದಾವ್ರಿ?"

"ದೇವ್ರು ಕೊಟ್ಟಷ್ಟು ಅದಾವವ್ವ."

ಮುಂದಿನ ಮನೆಯಲ್ಲಿ "ಒಂದ್ ಮುಷ್ಟಿ ಅದಾವು" ಎಂದರು. ಅದರ ಮುಂದಿನ ಮನೆಯ ಹಿರಿಯರಂತೂ ಬಹಳ ಯೋಚಿಸಿ, "ನಿನ್ನೆ ಎಷ್ಟಿದ್ವೋ ಇವತ್ತೂ ಅಷ್ಟ ಅದಾವು" ಎಂದು ಖಚಿತ ಮಾಹಿತಿ ಕೊಟ್ಟರು. ಕುರಿಯನ್ನು ಎಣಿಸಬಾರದು, ಎಣಿಕೆಯನ್ನು ಬಾಯಿಬಿಟ್ಟು ಹೇಳಬಾರದು, ಹೇಳಿದರೆ ದೃಷ್ಟಿ ತಾಗಿ ಮಂದೆಯೇ ಕರಗಿಹೋಗುತ್ತದೆ ಎಂಬುದು ಅವರ ನಂಬಿಕೆ. ಕಂಪ್ಯೂಟರಿನದು ಬೇರೆ ನಂಬಿಕೆ. ಪರದೆಯ ಮೇಲೆ ಕುರಿಯ ಲೆಕ್ಕ ಬರೆಯುವ ಡಬ್ಬಿಯಲ್ಲಿ ಅಂಕಿ ತುಂಬದಿದ್ದರೆ ಅದು ಮುಂದಿನ ಪುಟವನ್ನೇ ತೆರೆಯುತ್ತಿರಲಿಲ್ಲ. ಅಷ್ಟರಲ್ಲಿ ಬೇವಿನ ಗಿಡದ ಕಡೆ ಮಂಗವೊಂದು ಬರುತ್ತಿರುವುದು ಕಾಣಿಸಿತು. ಸದ್ಯಕ್ಕೆ ಇರಲಿ, ನಾಳೆ ಸರಿಮಾಡಿದರಾಯಿತು ಎಂದು ಎಲ್ಲರ ಹೆಸರಿನ ಮುಂದೆಯೂ ಒಂದು, ಒಂದು, ಒಂದು ಎಂದು ಒತ್ತಿ ಕಳಿಸಿಯೇಬಿಟ್ಟೆ. ಆ ನಾಳೆಯನ್ನು ಮರೆತೂಬಿಟ್ಟೆ.

ಶನಿವಾರ ಕುರಿ ಡಾಕ್ಟರ ಫೋನು ಬಂತು. "ಏನ್ ತಾಯಿ, ಹಟ್ಟಿ ತುಂಬಾ ಮನಿಗೊಂದೊಂದ ಕುರಿ? ಆ ಒಂದ ಕುರಿ ಕಾಯಾಕ ಗಂಡ, ಹೆಂಡ್ತಿ, ನಾಯಿ, ಮೂರು ಮಂದಿ ಹೋಗ್ತಾರೇನು? ಸೋಮವಾರ ಸಂಜಿ ಒಳಗ ಸರಿಮಾಡ್ರಿ. ಇಲ್ಲಂದ್ರ ಮನಿಗೊಂದ ಸೂಜಿ ಬರ್ತೈತಿ. ಉಳಿದವಕ್ಕ ನೀವ ಮಂತ್ರ ಹಾಕ್ರಿ." ಮಳೆ ಶುರುವಾದ ಮೇಲೆ ಆ ಕುರಿಗಳು ಸತ್ತರೆ ಅದು ದೃಷ್ಟಿಯಿಂದಲ್ಲ, ನನ್ನಿಂದ.

ಹಟ್ಟಿಯಲ್ಲಿ ಎಲ್ಲರೂ ಮಾತು ಕೇಳುತ್ತಿದ್ದುದು ಹನುಮಕ್ಕನದು. ಕುರಿಗಳ ನಡುವೆಯೇ ಮುದುಕಿಯಾದವಳು. ಆಕೆ ಒಪ್ಪಿದರೆ ಹಟ್ಟಿ ಒಪ್ಪಿದಂತೆ. ಆದರೆ ಕೇಳಿ ಒಪ್ಪಿಸುವುದಕ್ಕಿಂತ ಕದ್ದು ಎಣಿಸುವುದು ಸುಲಭ ಎಂದು ನನ್ನ ಡಿಗ್ರಿ ಬುದ್ಧಿ ಹೇಳಿತು. ಭಾನುವಾರ ಬೆಳಿಗ್ಗೆ ಅವಳ ಮಗ ದೊಡ್ಡಿಯಿಂದ ಕುರಿ ಬಿಡುವ ಹೊತ್ತಿಗೆ ಬೇಲಿಗೆ ಆತು ನಿಂತೆ. ಹದಿನೇಳರವರೆಗೆ ಚೆನ್ನಾಗಿಯೇ ಹೋಯಿತು. ಅಷ್ಟರಲ್ಲಿ ಟಗರೊಂದು ನನ್ನ ದುಪ್ಪಟ್ಟದ ತುದಿಯನ್ನು ಬಾಯಿಗೆ ಹಾಕಿಕೊಂಡಿತು. ನಾನು ಎಳೆಯುವುದು, ಅದು ಎಳೆಯುವುದು. ಬಿಡಿಸಿಕೊಳ್ಳುವಷ್ಟರಲ್ಲಿ ಮಂದೆಯೆಲ್ಲ ದಾಟಿ ಧೂಳು ಮಾತ್ರ ಉಳಿದಿತ್ತು.

"ಏನವ್ವ, ತುಟಿ ಅಳ್ಳಾಡಿಸಾಕತ್ತಿದ್ದಿ?" ಹಿಂದೆಯೇ ಹನುಮಕ್ಕ ನಿಂತಿದ್ದಳು.

"ಏನಿಲ್ಲ ಯವ್ವ... ಶ್ಲೋಕ."

"ಹದಿನೇಳು ಅಂತ ಬರೋ ಶ್ಲೋಕ ಯಾವ ದೇವರದು?"

ಇನ್ನು ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. ಅವಳು ನೆರಳಿನಲ್ಲಿ ಹುಣಸೆಹಣ್ಣು ರಾಶಿ ಹಾಕಿಕೊಂಡು ಬೀಜ ಬಿಡಿಸಲು ಕೂತಳು. ನಾನೂ ಎದುರಿಗೆ ಕೂತು, ಒಂದು ಅಂತ ಬರೆದದ್ದನ್ನು ಒಪ್ಪಿಕೊಂಡೆ. ಅವಳ ಕೈ ನಿಂತಿತು.

"ಒಂದ? ಹೋದ ವರ್ಷ ನನ್ನ ಬೆಳ್ಳಿ ಈ ತೊಡಿ ಮ್ಯಾಲ ಜೀವ ಬಿಟ್ಟೈತಿ. ನೀರು ಸೈತ ಗುಟುಕರಿಸಲಿಲ್ಲ. ನೀನು ಒಂದು ಅಂತ ಬರದು ಕೈ ತೊಳಕೊಂಡ್ಯಾ?"

ಅತ್ತುಬಿಟ್ಟೆ. ನಾಚಿಕೆಯಾಯಿತು, ಭಯವೂ ಆಗಿತ್ತು. "ಹಂಗಾರ ಎಷ್ಟು ಬರೀಲಿ, ನೀನ ಹೇಳು ಯವ್ವ" ಎಂದೆ.

"ಎಣಿಸಾಕ ಅವೇನು ಚೀಲೇನು? ನಿಮ್ಮವ್ವ ಉಣ್ಣಾಕ ಕರಿಯೋವಾಗ ನಿಮ್ಮನ್ನ ಎಣಿಸ್ತಾಳೋ, ಹೆಸರು ಹಿಡಿದು ಕರೀತಾಳೋ?"

ಕಣ್ಣೊರೆಸಿಕೊಂಡು ತಲೆಯೆತ್ತಿದೆ. "ಹಂಗಾರ ಹೆಸರ ಹೇಳು."

ಅವಳು ಮತ್ತೊಂದು ಹಣ್ಣು ಕೈಗೆತ್ತಿಕೊಂಡಳು. ಆಮೇಲೆ ಹಣ್ಣು ಬಿಡಿಸುತ್ತಲೇ ಶುರುಮಾಡಿದಳು. "ಕೆಂಚಿ. ಮೋಟಗಿವಿ. ಸಾಲಿ ಕಟ್ಟಿ ಮ್ಯಾಲ ಹುಟ್ಟಿದ್ದು. ಅಳಿಯ ತಂದಿದ್ದು. ಲಾರಿಗೆ ಹೆದರಿದಾಕಿ..." ನಾನು ಒಂದೊಂದು ಹೆಸರಿಗೆ ಒಂದೊಂದು ಹುಣಸೆಬೀಜ ಎತ್ತಿ ಮಡಿಲಿಗೆ ಹಾಕಿಕೊಳ್ಳುತ್ತ ಹೋದೆ. ನಮ್ಮ ಕೇಂದ್ರ ತೆರೆದ ದಿನ ಹುಟ್ಟಿದ ಮರಿಗೆ 'ಕಂಪೂಟ್ರಿ' ಎಂದು ಹೆಸರಿಟ್ಟಿದ್ದಳಂತೆ. ಹೇಳಿದ್ದು ತಿಳಿಯುವುದಿಲ್ಲ, ಬರೀ ಒದರುತ್ತದೆ, ಅದಕ್ಕೆ ಆ ಹೆಸರು ಎಂದು ನನ್ನ ಮುಖ ನೋಡಿಯೇ ಹೇಳಿದಳು.

"ನನ್ನ ಬೀಜ ಯಾಕ ತಗೊಳ್ಳಾಕತ್ತಿ?"

"ಚೌಕಾಬಾರ ಆಡಾಕ ಬೇಕಿತ್ತು."

"ಆಡು, ಆಡು. ನಾ ಏನೂ ನೋಡಿಲ್ಲ." ಎಂದವಳು ಪೂರಾ ಆ ಕಡೆ ತಿರುಗಿ ಕೂತು ಉಳಿದ ಹೆಸರುಗಳನ್ನು ಗೋಡೆಗೆ ಹೇಳಿದಳು.

ಕೇಂದ್ರಕ್ಕೆ ಬಂದು ಬಾಗಿಲು ಮುಚ್ಚಿ ಬೀಜ ಎಣಿಸಿ ಡಬ್ಬಿಗೆ ತುಂಬಿದೆ. ಎಷ್ಟು ಅಂತ ನಿಮಗೂ ಹೇಳುವುದಿಲ್ಲ, ಹನುಮಕ್ಕನಿಗೆ ಮಾತು ಕೊಟ್ಟಿದ್ದೇನೆ. ಹನುಮಕ್ಕ ಎಲ್ಲರಿಗೂ ಏನು ಹೇಳಿದಳೋ, ಸೋಮವಾರ ಇಡೀ ಹಟ್ಟಿ ನನ್ನ ಕೇಂದ್ರದ ಮುಂದೆ ಸಾಲುಗಟ್ಟಿತು, ಎಲ್ಲರ ಕೈಯಲ್ಲೂ ತಮ್ಮ ತಮ್ಮ ಮನೆಯ ಹುಣಸೆಬೀಜ! ದಿನವಿಡೀ ಕುರಿಗಳ ಹೆಸರು ಕೇಳಿ ಕೇಳಿ, ಕೊನೆಗೆ ಯಾರೋ ತಮ್ಮ ಹೆಂಡತಿಯ ಹೆಸರು ಹೇಳಿದಾಗಲೂ ಒಂದು ಬೀಜ ಎತ್ತಿಹಾಕಿದ್ದೆ. ಅವರೇ ತೆಗೆಸಿದರು. ಮಂಗ ಆ ದಿನ ಬರಲಿಲ್ಲ. ಸಂಜೆಯೊಳಗೆ ಎಲ್ಲ ಹೋಗಿ ಮುಟ್ಟಿತು.

ಮಳೆಗೆ ಮುಂಚೆಯೇ ಡಾಕ್ಟರು ಮಂಜುಗಡ್ಡೆಯ ಪೆಟ್ಟಿಗೆ ಹೊತ್ತು ಬಂದರು. ಹನುಮಕ್ಕನ ಮಂದೆಗೆ ಹಾಕಿ ಮುಗಿಸಿದಾಗ ಒಂದು ಕುರಿಯ ಪಾಲಿನ ಲಸಿಕೆ ಉಳಿಯಿತು. "ಒಂದು ಕುರಿ ತಪ್ಪಿಸಿಕೊಂಡೈತಿ, ಹುಡುಕ್ರಿ" ಎಂದರು ಡಾಕ್ಟರು. ದೊಡ್ಡಿಯೆಲ್ಲ ಹುಡುಕಿದೆವು. ಹನುಮಕ್ಕ ಮಾತ್ರ ಕದಲಲಿಲ್ಲ.

"ಅದು ಬೆಳ್ಳಿದು" ಎಂದಳು ಮೆಲ್ಲಗೆ.

"ಬೆಳ್ಳಿ ಸತ್ತೈತಲ್ಲ ಯವ್ವ?"

"ಹೌದವ್ವ. ಹೆಸರು ಬಾಯಾಗ ಐತಲ್ಲ. ಬಂದುಬಿಟ್ಟೈತಿ."

ಆ ಸೂಜಿಯನ್ನು ಡಾಕ್ಟರು, ಪಕ್ಕದ ಮನೆಯವರು ಹೆಸರು ಹೇಳಲು ಮರೆತಿದ್ದ ಮರಿಗೆ ಹಾಕಿದರು. ಆ ಮಳೆಗಾಲ ಹಟ್ಟಿಯಲ್ಲಿ ನೀಲಿ ನಾಲಿಗೆ ಕಾಣಲಿಲ್ಲ.

ಮದುವೆಯಾಗಿ ಕೊಟ್ಟೂರಿಗೆ ಬಂದ ಮೇಲೆ ಈ ಕತೆಯನ್ನು ನಮ್ಮತ್ತೆಗೆ ಹೇಳಿ ಕೆಟ್ಟೆ. ಅಂದಿನಿಂದ ಅವರು ನನ್ನನ್ನು ಕರೆಯುತ್ತಿದ್ದುದೇ "ಏ ಕಂಪೂಟ್ರಿ" ಎಂದು, ಬೀಗರ ಮುಂದೆ ಕೂಡ.

ಅಯ್ಯೋ, ಹಾಲು ಉಕ್ಕಿ ಒಲೆಯೆಲ್ಲ ಬೆಳ್ಳಗಾಗಿದೆ. ನಿಮ್ಮನ್ನು ನಂಬಿ ಕೆಟ್ಟೆ ನೋಡಿ.

ಉಳಿದ ಚಹಾ ಸೋಸಿಕೊಂಡು ಹೊರಗೆ ಬಂದೆ. "ಎಷ್ಟು ಅಂತ ಹೇಳಂಗಿಲ್ಲವ್ವ, ಹೆಸರು ಹೇಳ್ತೀನಿ, ಒತ್ತಿಕೋ" ಎಂದೆ. ಹುಡುಗಿ ನಕ್ಕು ಬೆರಳು ಸಿದ್ಧಮಾಡಿಕೊಂಡಳು. ನನ್ನ ಹೆಸರು ಹೇಳಿದೆ, ನಮ್ಮನೆಯವರದು ಹೇಳಿದೆ, ಮಗಳದು, ಮಗನದು, ನಮ್ಮತ್ತೆ ಗೌರಮ್ಮನವರದು.

"ಅಜ್ಜಿಯವರ ವಯಸ್ಸು ಬೇಕಿತ್ರಿ. ಒಳಗ ಅದಾರೇನು? ಕರೀರಿ."

"ಅತ್ತೀ..." ಎಂದು ಬಾಗಿಲಿಗೆ ತಿರುಗಿ ಕೂಗಿಯೇಬಿಟ್ಟೆ. "ಏನ ಕಂಪೂಟ್ರಿ?" ಎಂಬ ದನಿ ಬರಲಿಲ್ಲ. ಎಲ್ಲಿಂದ ಬರಬೇಕು? ಅವರು ಹೋಗಿ ಐದು ತಿಂಗಳಾಗಿದೆ.

"ಒಂದು ತಗಿಯವ್ವ" ಎಂದೆ. "ಹೆಸರು ಬಾಯಾಗ ಐತಲ್ಲ. ಬಂದುಬಿಡ್ತು."

ಅಳಿಸಲು ಹೋದ ಹುಡುಗಿಯ ಬೆರಳು ಅಲ್ಲೇ ನಿಂತಿತು. ನನ್ನ ಮುಖ ನೋಡಿದವಳು ಟ್ಯಾಬನ್ನು ಕಟ್ಟೆಯ ಮೇಲೆ ಬೋರಲು ಹಾಕಿದಳು.

"ತಗಿಯೋಣಂತ ತಗೋರಿ ಅಕ್ಕಾರ. ಮೊದಲ ಚಾ ಕುಡಿಯೋಣ."