ಹಾಳೆಯ ಮೇಲೆ ಮೂಡದ ಬೆರಳು

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಶಂಕರಘಟ್ಟದ ಲ್ಯಾಬಿನಲ್ಲಿ ದ್ರವಸ್ಫಟಿಕಗಳ ಬೆನ್ನು ಹತ್ತಿದ್ದೆ. ಗಟ್ಟಿಯೂ ಅಲ್ಲದ, ನೀರೂ ಅಲ್ಲದ ಎಡಬಿಡಂಗಿ ಪದಾರ್ಥ ಅದು. ಹರಿಯುತ್ತದೆ, ಆದರೆ ಒಳಗೆ ಅಣುಗಳು ಸಾಲುಗಟ್ಟಿ ನಿಂತಿರುತ್ತವೆ. ನನ್ನ ಪಾಲಿಗೆ ಬಂದದ್ದರಲ್ಲಿ ಆ ಸಾಲುಗಳು ಸುರುಳಿ ಮೆಟ್ಟಿಲಿನಂತೆ ಪದರ ಪದರಕ್ಕೂ ತುಸು ತಿರುಗಿರುತ್ತವೆ. ಸುರುಳಿ ಎಷ್ಟು ಬಿಗಿಯೋ ಅದಕ್ಕೆ ತಕ್ಕ ಬಣ್ಣ ಮೇಲೆ ಹೊಳೆಯುತ್ತದೆ. ಬಿಸಿ ಏರಿದಂತೆ ಸುರುಳಿ ಬಿಗಿಯಾಗಿ ಕೆಂಪು ಹಸಿರಾಗುತ್ತದೆ, ಹಸಿರು ನೀಲಿಯಾಗುತ್ತದೆ. ಇನ್ನೂ ಕಾಯಿಸಿದರೆ ಸಾಲು ಕೆಟ್ಟು ಬರೀ ಎಣ್ಣೆ, ಬಣ್ಣ ಮಾಯ. ತೀರಾ ತಣ್ಣಗಾದರೂ ಬಣ್ಣ ಇರುವುದಿಲ್ಲ.

ಅದನ್ನು ಎರಡು ಪ್ಲಾಸ್ಟಿಕ್ ಹಾಳೆಗಳ ನಡುವೆ ಸವರಿ, ಹಿಂಬದಿಗೆ ಕಪ್ಪು ಬಳಿದು, ಒಂದು ಭಾನುವಾರ ಭದ್ರಾವತಿಯ ಮನೆಗೆ ತಂದೆ. ಜಂಬ, ಅಷ್ಟೇ. ಅಮ್ಮ ಅಂಗೈ ಒತ್ತಿ ತೆಗೆದಳು. ಕೈ ಇಲ್ಲದ ಜಾಗದಲ್ಲಿ ನೀಲಿ ಕೈಯೊಂದು ಉಳಿಯಿತು. ಹಸಿರಾಯಿತು, ಕೆಂಪಾಯಿತು, ಮೆಲ್ಲಗೆ ಕಪ್ಪಿನೊಳಗೆ ಮುಳುಗಿತು.

"ಥೂ, ದೆವ್ವದ ಕೈ ಇದ್ದಂಗಿದೆ. ಮೊದ್ಲು ಒಳಗಿಡು ಮಾರಾಯ್ತಿ" ಎಂದಳು.

ಅಪ್ಪನಿಗೆ ನಗು. "ಕೈ ಏನ್ ಮಹಾ, ನನ್ ಕಾಲು ನೋಡು" ಎಂದರು. ಕಬ್ಬಿಣದ ಕಾರ್ಖಾನೆಯ ಫರ್ನೇಸ್ ಮುಂದೆ ಆಯುಷ್ಯ ಸವೆಸಿದವರು. ಏಪ್ರಿಲ್ ಬಿಸಿಲಿಗೆ ಕಾದ ತಾರಸಿಯ ಮೇಲೆ ಬರಿಗಾಲಲ್ಲಿ ನಿಂತು ಹಪ್ಪಳ ಹರವುತ್ತಿದ್ದರು. ಫರ್ನೇಸಿನವರ ಕಾಲಿಗೆ ಬಿಸಿ ನಾಟುವುದಿಲ್ಲ ಎಂದು ಬೀದಿಯವರು ಹೊಗಳುತ್ತಿದ್ದರು, ನಾವು ಬೀಗುತ್ತಿದ್ದೆವು. ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ಎಲ್ಲರಿಗೂ ಗೊತ್ತಿತ್ತು. ಎರಡನ್ನೂ ಸೇರಿಸಿ ನೋಡುವ ಬುದ್ಧಿ ಮಾತ್ರ ಒಬ್ಬರಿಗೂ ಬರಲಿಲ್ಲ. ನೆನೆದರೆ ಈಗಲೂ ಮೈ ಉರಿಯುತ್ತದೆ.

ಬಲಗಾಲು ಒತ್ತಿ ತೆಗೆದರು. ಹಿಮ್ಮಡಿ ನೀಲಿ, ಅಂಗಾಲು ಹಸಿರು, ಹೆಬ್ಬೆರಳು ಕೆಂಪು. ಅದರ ಪಕ್ಕದ ಎರಡು ಬೆರಳಿನ ಜಾಗ ಬರೀ ಕಪ್ಪು. ಕೊನೆಯವೆರಡು ಮತ್ತೆ ಕೆಂಪು.

"ಸರಿಯಾಗಿ ತಾಗ್ಲಿಲ್ಲ ಬಿಡು" ಎಂದು ಇನ್ನೂ ಜೋರಾಗಿ ಒತ್ತಿದರು. ಮೂಡಿದ್ದು ಮತ್ತೆ ಮೂರೇ. ಅಪ್ಪ ಬಗ್ಗಿ ಆ ಎರಡು ಬೆರಳನ್ನು ಹಿಡಿದು, ಇವೆಯೋ ಇಲ್ಲವೋ ಎಂಬಂತೆ ಹಿಸುಕಿ ನೋಡಿಕೊಂಡರು.

ಮರುದಿನವೇ ಶಿವಮೊಗ್ಗಕ್ಕೆ ಕರೆದೊಯ್ದೆವು. ಆ ಬೆರಳುಗಳಿಗೆ ರಕ್ತ ಹರಿಯುತ್ತಿಲ್ಲ ಎಂದರು ಡಾಕ್ಟರು. ಕೆಲವೇ ವಾರಗಳಲ್ಲಿ ಎರಡನ್ನೂ ತೆಗೆಯಬೇಕಾಯಿತು.

ವಾರ್ಡಿನಲ್ಲಿ ಒಂದು ಮಧ್ಯಾಹ್ನ, ಅಮ್ಮ ಊಟ ತರಲು ಹೋಗಿದ್ದಾಗ, ಅಪ್ಪ ಮೆಲ್ಲಗೆ ಕೇಳಿದರು, "ಆ ಹಾಳೆ ತಂದಿದೀಯೇನೇ?"

ಚೀಲದಲ್ಲಿತ್ತು. ಹೊರಗೆ ತೆಗೆಯಲು ನನಗೆ ಭಯ. ಅವರೇ ಹೊದಿಕೆ ಸರಿಸಿ ಎಡಗಾಲು ಚಾಚಿದರು, ಕಣ್ಣು ಮುಚ್ಚಿಕೊಂಡರು. ಹಾಳೆಯನ್ನು ಪಾದಕ್ಕೆ ಒತ್ತಿ ತೆಗೆದೆ.

"ಎಷ್ಟು ಬಂದ್ವು?"

ನಾಲ್ಕು ಬಂದಿದ್ದವು.