ನಮ್ಮ ಭಾವನ ನೇರಪ್ರಸಾರ

ನನ್ನ ಅಕ್ಕನ ಗಂಡ, ಅಂದರೆ ನಮ್ಮ ಭಾವ, ಯಾವ ಪ್ರಶ್ನೆಗಾದರೂ ತಟ್ಟನೆ ಉತ್ತರ ಕೊಟ್ಟಿದ್ದನ್ನು ನಾನಂತೂ ಕಂಡಿಲ್ಲ. ಕೊಡುವುದೇ ಇಲ್ಲ ಎಂದಲ್ಲ, ಕೊಡುತ್ತಾರೆ. ಆದರೆ ಪ್ರಶ್ನೆ ಅವರ ಕಿವಿಯಿಂದ ಒಳಗೆ ಹೋಗಿ, ಎಲ್ಲೆಲ್ಲೋ ಸುತ್ತಾಡಿ, ಒಂದು ಕಡೆ ಕೂತು ಸುಧಾರಿಸಿಕೊಂಡು, ಆಮೇಲೆ ಬಾಯಿಯ ಕಡೆ ಹೊರಡುತ್ತದೆ. ಫೋನ್ ಮಾಡಿದವರು ಲೈನ್ ಕಟ್ಟಾಯಿತೆಂದು ಇಟ್ಟುಬಿಡುತ್ತಾರೆ. ಒಮ್ಮೆ ಕಿವಿಯ ಡಾಕ್ಟರು ಅವರ ಹಿಂದೆ ನಿಂತು "ಕೇಳಿಸ್ತಾ ಇದೆಯಾ?" ಎಂದು ಕೇಳಿದರು, ಕಾದರು, ಮರುಕದಿಂದ ತಲೆ ಅಲ್ಲಾಡಿಸಿ ಕಿವಿಗೆ ಯಂತ್ರ ಬರೆದುಕೊಟ್ಟರು. ಅವರು ಚೀಟಿ ಹರಿದು ಅಕ್ಕನ ಕೈಗಿಡುವ ಹೊತ್ತಿಗೆ ಭಾವ "ಚೆನ್ನಾಗಿ ಕೇಳಿಸ್ತಿದೆ" ಅಂದರು.

ನಮ್ಮ ಮನೆಯವರ ಕತೆ ಬೇರೆ. ಅಕ್ಕನೂ ನಾನೂ ಎದುರಿನವರ ವಾಕ್ಯ ಅರ್ಧಕ್ಕೆ ಬರುವಷ್ಟರಲ್ಲಿ ಅದನ್ನು ನಾವೇ ಮುಗಿಸಿಕೊಟ್ಟು, ಅದಕ್ಕೆ ಉತ್ತರವನ್ನೂ ಹೇಳಿ, ಆ ಉತ್ತರಕ್ಕೆ ಜಗಳವನ್ನೂ ಶುರುಮಾಡಿರುತ್ತೇವೆ. ಇಂಥ ಮನೆಯ ಹುಡುಗಿಯನ್ನು ಒಪ್ಪಿಕೊಳ್ಳುವಾಗ ಮಾತ್ರ ಭಾವ ತಡಮಾಡಲಿಲ್ಲವಂತೆ. "ತಡ ಮಾಡಿದ್ರು ಕಣೋ, ಅಷ್ಟರಲ್ಲಿ ನಾನೇ ಹೂಂ ಅಂದುಬಿಟ್ಟಿದ್ದೆ" ಅನ್ನುತ್ತಾಳೆ ಅಕ್ಕ.

ಇಂಥವರು ಟೀವಿಯಲ್ಲಿ, ಅದೂ ನೇರಪ್ರಸಾರದಲ್ಲಿ ವರದಿಗಾರರಾಗಿ ವರ್ಷಗಟ್ಟಲೆ ಬಾಳಿದ್ದು ಹೇಗೆ ಎಂದು ಕೇಳಿದರೆ, ಅದು ಆಕಾಶದ ಕೃಪೆ. ಉತ್ಪ್ರೇಕ್ಷೆಯಲ್ಲ. ಮೇಲೆ ಉಪಗ್ರಹ ಇತ್ತಲ್ಲ, ಅದರ ಕೃಪೆ.

ಆಗ ನಮ್ಮೂರಿನ ಚಾನೆಲ್ ಎಂದರೆ ಟಯರ್ ಅಂಗಡಿಯ ಮೇಲಿನ ಎರಡು ಕೋಣೆ. ಸುದ್ದಿ ಓದುವಾಗ ಕೆಳಗೆ ಸುತ್ತಿಗೆಯ ಬಡಿತ ಶುರುವಾದರೆ, ಓದುವವರು ಮುಖದಲ್ಲಿ ನಗು ಕೆಡದಂತೆ ನೋಡಿಕೊಂಡು ಹಿಮ್ಮಡಿಯಿಂದ ನೆಲ ಗುದ್ದಬೇಕಿತ್ತು. ಭಾವ ಅಲ್ಲಿ ಸುದ್ದಿ ಬರೆದುಕೊಡುವ ಕೆಲಸಕ್ಕಿದ್ದರು. ಒಂದು ದಿನ ವರದಿಗಾರನಿಗೆ ಜ್ವರ ಬಂದು, ಸೇತುವೆ ಉದ್ಘಾಟನೆಗೆ ಇವರನ್ನೇ ನೇರಪ್ರಸಾರದ ಓಬಿ ವ್ಯಾನಿನಲ್ಲಿ ಕೂರಿಸಿ ಕಳಿಸಿದರು. ವ್ಯಾನಿನ ತಲೆಯ ಮೇಲೆ ದೊಡ್ಡ ಬುಟ್ಟಿಯಂಥ ಆಂಟೆನಾ. ಸ್ಟುಡಿಯೋದಲ್ಲಿ ಕೇಳಿದ ಮಾತು ಆಕಾಶಕ್ಕೆ ಹೋಗಿ ಇಳಿದು ಬರಬೇಕು, ಉತ್ತರ ಮತ್ತೆ ಹತ್ತಿ ಇಳಿಯಬೇಕು. ಹಾಗಾಗಿ ಎಂಥ ಚುರುಕು ನಾಲಗೆಯವನಾದರೂ ಪ್ರಶ್ನೆ ಬಂದಮೇಲೆ ಸ್ವಲ್ಪ ಹೊತ್ತು ಬೊಂಬೆಯ ಹಾಗೆ ನಿಂತಿರುತ್ತಿದ್ದ. ಅವತ್ತು ಭಾವನೂ ನಿಂತರು. ಉಪಗ್ರಹದ ಪಾಲು ಮುಗಿದ ಮೇಲೂ ನಿಂತೇ ಇದ್ದರು. "ಸಂಪರ್ಕದಲ್ಲಿ ಸ್ವಲ್ಪ ವಿಳಂಬವಿದೆ" ಅಂದರು ಸ್ಟುಡಿಯೋದವರು. ನೋಡುತ್ತಿದ್ದವರು ನಂಬಿದರು.

ಅವತ್ತಿನಿಂದ ಭಾವ ಕಿವಿಯ ಇಯರ್‌ಪೀಸನ್ನು ಎರಡು ಬೆರಳಲ್ಲಿ ಒತ್ತಿ ಹಿಡಿದು, ನಿಧಾನವಾಗಿ ತಲೆದೂಗುತ್ತಾ ಕಾಯುವ ಒಂದು ಭಂಗಿಯನ್ನು ಕಲಿತರು. ಆ ಭಂಗಿಯಲ್ಲಿ ಅವರು ದೇಶದ ಭವಿಷ್ಯವನ್ನೇ ತೂಗುತ್ತಿರುವಂತೆ ಕಾಣುತ್ತಿದ್ದರು. ಆಫೀಸಿನವರು "ಋಷಿಗಳು" ಎಂದು ಹೆಸರಿಟ್ಟರು. ಬೀದಿಯಲ್ಲಿ ಜನ ನನ್ನನ್ನು ತಡೆದು, "ನಿಮ್ಮ ಭಾವ ಎಷ್ಟು ತೂಕದ ಮಾತಾಡ್ತಾರೆ ಮಾರಾಯ್ರೇ, ಪಾಪ ಆ ಸ್ಯಾಟಲೈಟೇ ಸರಿ ಇಲ್ಲ" ಅನ್ನುತ್ತಿದ್ದರು. ಬೀನ್ಸ್ ಮುರಿಯುತ್ತಾ ಟೀವಿ ನೋಡುವ ಅಕ್ಕ ಮಾತ್ರ, "ಸ್ಯಾಟಲೈಟೂ ಇಲ್ಲ, ಸುಡುಗಾಡೂ ಇಲ್ಲ. ಅವರು ಹುಟ್ಟಿದ್ದೇ ಹಾಗೆ" ಎಂದು ಬೀನ್ಸಿಗೆ ಹೇಳಿಕೊಳ್ಳುತ್ತಿದ್ದಳು.

ಭಾವನಿಗೆ ಆ ಕೆಲಸದ ಮೇಲೆ ಪ್ರಾಣ. ಜಗತ್ತಿನಲ್ಲಿ ಅವರ ಉತ್ತರಕ್ಕಾಗಿ ಯಾರಾದರೂ ಕಾಯುತ್ತಿದ್ದ ಜಾಗ ಅದೊಂದೇ. ಮನೆಯಲ್ಲಿ ನಾವಂತೂ ಕಾದವರಲ್ಲ.

ಹೀಗಿರುವಾಗ ಎರಡು ಅನಾಹುತಗಳು ಜೊತೆಜೊತೆಯಾಗಿ ಬಂದವು. ಒಂದು, ಓಬಿ ವ್ಯಾನು ಹೋಗಿ ಬೆನ್ನಿಗೆ ಹಾಕಿಕೊಳ್ಳುವ ಚೀಲ ಬಂತು. ಅದರೊಳಗಿನ ಸಿಮ್ ಕಾರ್ಡುಗಳೇ ಚಿತ್ರ, ಮಾತು ಎಲ್ಲವನ್ನೂ ಕಳಿಸುತ್ತಿದ್ದವು. ವಿಳಂಬ ಹೆಸರಿಗಷ್ಟೇ. ಎರಡು, ದೇಶಕ್ಕೆಲ್ಲ ಹಬ್ಬಿದ ದೊಡ್ಡ ನೆಟ್‌ವರ್ಕೊಂದು ನಮ್ಮ ಚಾನೆಲನ್ನು ಕೊಂಡುಕೊಂಡು, ಟಯರ್ ಅಂಗಡಿಯ ಮೇಲಿಂದ ಒಂದು ದೊಡ್ಡ ಕಟ್ಟಡಕ್ಕೆ ಸಾಗಿಸಿ, ಒಬ್ಬ ಹೊಸ ಸಂಪಾದಕಿಯನ್ನು ಕಳಿಸಿತು. ಎಲ್ಲರೂ ಆಕೆಯನ್ನು ಮೇಡಂ ಅನ್ನುತ್ತಿದ್ದರು. ಮಾತಾಡುವಾಗ ಆಕೆ ಉಸಿರು ಎಲ್ಲಿ ತೆಗೆದುಕೊಳ್ಳುತ್ತಾರೆ ಎಂಬುದು ಯಾರಿಗೂ ಪತ್ತೆಯಾಗಿರಲಿಲ್ಲ.

ಮೇಡಂ ಭಾವನ ಒಂದು ನೇರಪ್ರಸಾರ ನೋಡಿದರು. ಲೈನ್ ಬದಲಾಯಿಸಿ ಅಂದರು. ಬದಲಾಯಿಸಿದರು. ಚೀಲ ಬದಲಾಯಿಸಿ ಅಂದರು. ಅದೂ ಆಯಿತು. ಕೊನೆಗೆ ಅದೇ ಲೈನಿನಲ್ಲಿ ಕ್ಯಾಮೆರಾದವನನ್ನು ನಿಲ್ಲಿಸಿ, "ಊಟ ಆಯ್ತಾ?" ಎಂದು ಕೇಳಿದರು.

"ಆಗಿಲ್ಲ ಮೇಡಂ" ಅಂದ ಅವನು, ಅವರ ಮಾತು ಮುಗಿಯುವ ಮೊದಲೇ.

"ಈಗ ಅವರನ್ನ ನಿಲ್ಸಿ. ಸರ್, ಊಟ ಆಯ್ತಾ?"

ಭಾವ ಇಯರ್‌ಪೀಸ್ ಒತ್ತಿಕೊಂಡರು. ತಲೆದೂಗಿದರು. ಮೇಡಂ ಪೆನ್ನಿನ ಮುಚ್ಚಳ ತೆಗೆದರು, ಹಾಕಿದರು, ಮತ್ತೆ ತೆಗೆದರು.

"ಆಯ್ತು" ಅಂದರು ಭಾವ.

"ನೋಡಿ ಸರ್," ಅಂದರು ಮೇಡಂ, "ನಿಮ್ಮ ಮೇಲೆ ನನಗೇನೂ ಕೋಪ ಇಲ್ಲ. ಆದ್ರೆ ಟೀವೀಲಿ ಸುಮ್ಮನಿರೋದು ಅಂದ್ರೆ ಜನ ರಿಮೋಟ್ ತಗೊಳ್ಳೋದು ಅಂತ ಅರ್ಥ. ಮುಂದಿನ ಲೈವ್‌ನಲ್ಲಿ ಕೇಳಿದ ತಕ್ಷಣ ಉತ್ತರ ಬರ್ಬೇಕು. ಇಲ್ಲಾಂದ್ರೆ ನೆಲಮಾಳಿಗೇಲಿ ಹಳೇ ಟೇಪುಗಳಿವೆ, ಅವನ್ನ ಜೋಡಿಸೋರು ಬೇಕಾಗಿದ್ದಾರೆ. ಅಲ್ಲಿ ಯಾರೂ ಏನೂ ಕೇಳಲ್ಲ."

ಭಾವ ಆ ಸಂಜೆ ಬಂದು ಇದನ್ನು ಹೇಳಿ ಮುಗಿಸುವಷ್ಟರಲ್ಲಿ ಅಕ್ಕ ತರಬೇತಿಯ ಏರ್ಪಾಡು ಮಾಡಿಯಾಗಿತ್ತು. ಅಡುಗೆಮನೆಯೇ ಸ್ಟುಡಿಯೋ. ಮೈಕಿಗೆ ಸೌಟು. ಪ್ರಶ್ನೆ ಕೇಳಲು ನಾನು. ಪತ್ರಿಕೆಗಳಲ್ಲಿ ನಾಲ್ಕು ನಗೆಬರಹ ಬರೆದವನೆಂಬ ಕಾರಣಕ್ಕೆ ಆ ಗೌರವ ನನಗೆ ಸಿಕ್ಕಿತು.

"ಭಾವ, ಬೆಂಕಿ ಎಷ್ಟೊತ್ತಿಗೆ ಹತ್ತಿಕೊಳ್ತು?" ಎಂದೆ. ಭಾವ ಯೋಚಿಸಿದರು. "ಬೆಳಿಗ್ಗೆ ಅಂತೀರಾ?" ಎಂದೆ. "ಸಾವು ನೋವು ಏನಾದ್ರೂ?" ಎಂದೆ. "ಇರಲಾರದು ಅಲ್ವಾ?" ಎಂದೆ.

"ಲೋ, ಅವರಿಗೂ ಸ್ವಲ್ಪ ಬಿಡೋ!" ಎಂದು ಅಕ್ಕ ಸೌಟು ಕಿತ್ತುಕೊಂಡಳು. "ರೀ, ನೀವು ಹೇಳಿ. ಬೆಂಕಿ ಹೆಂಗೆ ಹತ್ತಿಕೊಳ್ತು? ಗ್ಯಾಸ್‌ನಿಂದ ತಾನೇ? ಹೂಂ ಅನ್ನಿ!"

ಭಾವ ಬಹಳ ಹೊತ್ತಿನ ಮೇಲೆ, "ಯಾವ ಬೆಂಕಿ?" ಅಂದರು.

ಒಂದು ವಾರ ಹೀಗೇ ನಡೆಯಿತು. ಫಲವೇನೆಂದರೆ, ಮೊದಲು ಪ್ರಶ್ನೆಗಳಿಗೆ ಮಾತ್ರ ತಡಮಾಡುತ್ತಿದ್ದವರು ಈಗ ತಾವಾಗಿ ಹೇಳುವ ಮಾತಿಗೂ ತಡಮಾಡತೊಡಗಿದರು.

ಆಗ ನೀರಿನ ಟ್ಯಾಂಕು ವಾಲಿತು.

ಹಳೇ ಬಡಾವಣೆಯ ನಡುವೆ, ಎತ್ತರದ ಕಂಬಗಳ ಮೇಲೆ ಕೂತಿದ್ದ ಕಾಂಕ್ರೀಟ್ ಟ್ಯಾಂಕು ಅದು. ಬೆಳಿಗ್ಗೆ ಯಾರೋ ಹಲ್ಲುಜ್ಜುತ್ತಾ ತಲೆ ಎತ್ತಿ ನೋಡಿ, ಒಂದು ಕಂಬದಲ್ಲಿ ಬಿರುಕು ಕಂಡು ಕೂಗಿಕೊಂಡರು. ಸುತ್ತಲ ಮನೆಗಳನ್ನು ಖಾಲಿ ಮಾಡಿಸಿದರು, ಹಗ್ಗ ಕಟ್ಟಿದರು, ಪೊಲೀಸರು ಬಂದರು, ಪೊಲೀಸರಿಗಿಂತ ಮೊದಲು ಚಾನೆಲ್‌ಗಳು ಬಂದವು. ಟ್ಯಾಂಕು ಬೀಳುವುದನ್ನು ಇಡೀ ದೇಶಕ್ಕೆ ತೋರಿಸಬೇಕೆಂದು ನೆಟ್‌ವರ್ಕು ತನ್ನ ಹೆಸರಾಂತ ವರದಿಗಾರನನ್ನೇ ಕಳಿಸಿತು. ಅವನಿಗೆ ಪಟಾಕಿ ಎಂದೇ ಹೆಸರು. ಭಾವನನ್ನು ಎರಡನೆಯ ಕ್ಯಾಮೆರಾದ ಮುಂದೆ, ಅಗತ್ಯ ಬಿದ್ದರೆ ಇರಲಿ ಎಂದು, ಒಂದು ಒಡೆದ ನಲ್ಲಿಯ ಪಕ್ಕ ನಿಲ್ಲಿಸಿದರು.

ನಾನು ಅಕ್ಕನ ಮನೆಯಲ್ಲಿ ಟೀವಿಯ ಮುಂದೆ ಕೂತೆ. ಪಟಾಕಿ ನಿಜಕ್ಕೂ ಪಟಾಕಿಯೇ. ಟ್ಯಾಂಕಿನ ಎತ್ತರ, ವಯಸ್ಸು, ಹಿಡಿಯುವ ನೀರು, ಬಿರುಕಿನ ಉದ್ದ, ಬಿದ್ದರೆ ಎಡಕ್ಕೋ ಬಲಕ್ಕೋ ಎಂಬುದನ್ನೆಲ್ಲ ಒಂದೇ ಉಸಿರಿನಲ್ಲಿ ಸಿಡಿಸಿದ. ಅಲ್ಲಿಗೆ ಟ್ಯಾಂಕಿನ ವಿಷಯ ಮುಗಿಯಿತು. ಟ್ಯಾಂಕು ಬೀಳಲಿಲ್ಲ. ಅವನು ಮತ್ತೆ ಎತ್ತರದಿಂದ ಶುರುಮಾಡಿದ. ಟ್ಯಾಂಕು ಬೀಳಲಿಲ್ಲ. ಆಮೇಲೆ ಓಡುತ್ತಾ ಹೇಳಿದ, ಮಂಡಿಯೂರಿ ಹೇಳಿದ, ತಾನೇ ವಾಲಿಕೊಂಡು ನಿಂತು ತೋರಿಸಿದ. ಮಧ್ಯಾಹ್ನದ ಹೊತ್ತಿಗೆ ಅವನ ಗಂಟಲಿನಿಂದ ಗಾಳಿ ಬಿಟ್ಟರೆ ಬೇರೇನೂ ಹೊರಡುತ್ತಿರಲಿಲ್ಲ. ನೆರಳಿನಲ್ಲಿ ಕೂರಿಸಿ ಬಿಸಿನೀರು ಕುಡಿಸಿದರಂತೆ.

ಆ ಗಳಿಗೆಗೇ ಬೇರೊಂದು ಚಾನೆಲ್, "ಟ್ಯಾಂಕ್ ಕುಸಿತ" ಎಂದು ಹಾಕಿಬಿಟ್ಟಿತು. ಅದನ್ನು ನೋಡಿ ನಮ್ಮ ನೆಟ್‌ವರ್ಕಿನವರೂ ಪರದೆಯ ಕೆಳಗಿನ ಪಟ್ಟಿಯಲ್ಲಿ ಕೆಂಪು ಅಕ್ಷರದಲ್ಲಿ "ಟ್ಯಾಂಕ್ ಕುಸಿತ" ಓಡಿಸಿದರು. ಪಟ್ಟಿಯ ಮೇಲಿನ ಚಿತ್ರದಲ್ಲಿ ಟ್ಯಾಂಕು ಬೆಳಿಗ್ಗೆ ಹೇಗಿತ್ತೋ ಹಾಗೇ ನಿಂತಿತ್ತು. ಅದರ ಮುಂದೆ ಭಾವ.

"ಅಯ್ಯೋ, ಇವರನ್ನೇ ತೋರಿಸ್ತಿದಾರೆ ಕಣೋ!" ಎಂದಳು ಅಕ್ಕ. ಬೀನ್ಸು ನೆಲದ ಮೇಲೆ ಬಿತ್ತು.

"ಟ್ಯಾಂಕ್ ಕುಸಿದಿದೆ ಅನ್ನೋ ಆಘಾತಕಾರಿ ಸುದ್ದಿ ಬರ್ತಾ ಇದೆ," ಅಂದಳು ಸ್ಟುಡಿಯೋದ ನಿರೂಪಕಿ. "ನಮ್ಮ ಪ್ರತಿನಿಧಿ ಸ್ಥಳದಲ್ಲೇ ಇದ್ದಾರೆ. ಹೇಳಿ, ಅಲ್ಲಿ ಪರಿಸ್ಥಿತಿ ಹೇಗಿದೆ?"

ಭಾವ ಇಯರ್‌ಪೀಸ್ ಒತ್ತಿಕೊಂಡರು. ತಲೆದೂಗಿದರು.

"ಹೇಳ್ರೀ!" ಎಂದು ಅಕ್ಕ ಟೀವಿಗೆ ಕೂಗಿದಳು. "ಏನಾದ್ರೂ ಹೇಳ್ರೀ! ನೆಲಮಾಳಿಗೆ, ನೆಲಮಾಳಿಗೆ!"

ನಿರೂಪಕಿಯ ದನಿ ಒದ್ದೆಯಾಯಿತು. "ನೀವೇ ನೋಡ್ತಿದ್ದೀರಿ ವೀಕ್ಷಕರೇ, ನಮ್ಮ ಪ್ರತಿನಿಧಿಗೆ ಮಾತೇ ಹೊರಡ್ತಾ ಇಲ್ಲ. ಅಂಥ ಭೀಕರ ದೃಶ್ಯ…"

ಭಾವ ಕ್ಯಾಮೆರಾಕ್ಕೆ ಬೆನ್ನು ಮಾಡಿ ತಿರುಗಿದರು. ಕಂಬದ ಬುಡದಿಂದ ಶುರುಮಾಡಿ ತುದಿಯವರೆಗೆ ತಲೆ ಎತ್ತಿ ನೋಡಿದರು. ಮತ್ತೆ ಈ ಕಡೆ ತಿರುಗಿದರು.

"ಇದೆ" ಅಂದರು.

"ಏನಿದೆ?"

ಮತ್ತೆ ತಲೆದೂಗಿದರು.

"ಟ್ಯಾಂಕು."

ಕೆಳಗಿನ ಪಟ್ಟಿ ಮಂಗಮಾಯವಾಯಿತು. ಕುಸಿತ ಎಂದವರೆಲ್ಲ ಒಬ್ಬೊಬ್ಬರಾಗಿ ಟ್ಯಾಂಕನ್ನು ಎತ್ತಿ ನಿಲ್ಲಿಸತೊಡಗಿದರು. ಬೀದಿಯಲ್ಲಿ ಯಾರೋ ಶಿಳ್ಳೆ ಹೊಡೆದರು. ನನಗೂ ಹೆಮ್ಮೆಯಿಂದ ಕಣ್ಣು ಮಂಜಾಯಿತು. ದೇಶಕ್ಕೆ ದೇಶವೇ ಸುಳ್ಳು ಹೇಳುವಾಗ ನಮ್ಮ ಭಾವ ಒಬ್ಬರೇ ಸತ್ಯಕ್ಕಾಗಿ ಗಟ್ಟಿಯಾಗಿ ನಿಂತರಲ್ಲ ಎಂದು ಅಕ್ಕನಿಗೆ ಹೇಳಿದೆ. ಇದರ ಮೇಲೆ ಒಂದು ಲೇಖನವನ್ನೂ ಮನಸ್ಸಿನಲ್ಲೇ ಅರ್ಧ ಬರೆದೆ.

ಅದನ್ನು ಅರ್ಧಕ್ಕೇ ಬಿಡಬೇಕಾಯಿತು. ಯಾಕೆಂದರೆ ರಾತ್ರಿ ಮನೆಗೆ ಬಂದ ಭಾವ ನಡೆದದ್ದನ್ನು ಹೇಳಿದರು. "ಇಯರ್‌ಪೀಸ್‌ನಲ್ಲಿ ಮೇಡಂ 'ಬಿತ್ತು ಅನ್ನಿ' ಅಂದ್ರು. ಸರಿ, ಅನ್ನೋಣ ಅಂತ ಹೊರಟೆ. ಅಷ್ಟರಲ್ಲಿ 'ತಡೀರಿ, ತಡೀರಿ' ಅಂದ್ರು. ತಡೆಯೋಣ ಅಂತಿದ್ದೆ. 'ತಿರುಗಿ ನೋಡ್ರೀ ಸಾರ್, ಇದೆಯೋ ಇಲ್ವೋ' ಅಂದ್ರು. ನೋಡಿದೆ. ಇತ್ತು."

"ಮತ್ತೆ ಅಷ್ಟು ಹೊತ್ತು ಏನು ಯೋಚಿಸ್ತಿದ್ರಿ?" ಎಂದು ಅಕ್ಕ ಕೇಳಿದಳು.

"ಆ ನಲ್ಲಿ ಸೋರಿ ಶೂ ಒದ್ದೆಯಾಗಿತ್ತು" ಅಂದರು ಭಾವ.

ಆದರೆ ಅದು ರಾತ್ರಿಯ ಮಾತು. ಮಧ್ಯಾಹ್ನದಿಂದ ಸಂಜೆಯವರೆಗೂ ಟ್ಯಾಂಕಿನ ಮುಂದೆ ಭಾವನೇ ಇದ್ದರು, ಬೇರೆ ಯಾರಿಗೂ ಗಂಟಲಿರಲಿಲ್ಲ. ಎಂಜಿನಿಯರುಗಳು ಪೈಪು ಹಾಕಿ ನೀರು ಖಾಲಿ ಮಾಡುತ್ತಿದ್ದರು. ನೋಡಲು ಏನೂ ಇರಲಿಲ್ಲ, ಬಿಡಲೂ ಧೈರ್ಯವಿರಲಿಲ್ಲ, ಎಲ್ಲಿ ಬಿಟ್ಟ ಮರುಕ್ಷಣವೇ ಬಿದ್ದುಬಿಡುತ್ತದೋ ಎಂದು. ನಿರೂಪಕಿ ಕೇಳುವುದು, ಭಾವ ಕಾಯುವುದು, ಒಂದು ಕಾಗೆ ಬಂದು ಟ್ಯಾಂಕಿನ ಮೇಲೆ ಕೂತಿದೆ ಅನ್ನುವುದು. ಮತ್ತೆ ಕೇಳುವುದು, ಕಾಯುವುದು, ಕಾಗೆ ಹೋಯಿತು ಅನ್ನುವುದು. ಪಟಾಕಿ ಒಂದು ಉಸಿರಿನಲ್ಲಿ ಮುಗಿಸಿದ್ದ ಸರಕು ಭಾವನ ಕೈಯಲ್ಲಿ ಇಡೀ ಮಧ್ಯಾಹ್ನ ಬಂತು. ಕತ್ತಲಾಗುವ ಮೊದಲು ಟ್ಯಾಂಕು ಖಾಲಿಯಾಗಿ, ಇನ್ನು ಅಪಾಯವಿಲ್ಲ ಎಂದು ಘೋಷಿಸಿದರು.

ಮೇಡಂ ಫೋನಿನಲ್ಲಿ ಹೇಳಿದ್ದು ಒಂದೇ ಮಾತು: "ನಾಳೆ ಆಫೀಸಿಗೆ ಬನ್ನಿ."

"ನೆಲಮಾಳಿಗೇಲಿ ಧೂಳಿರತ್ತೆ, ಹಳೇ ಶರ್ಟು ಹಾಕ್ಕೊಂಡು ಹೋಗಿ" ಎಂದಳು ಅಕ್ಕ. ಹೇಳಿ ಅತ್ತ ತಿರುಗಿ ಮೂಗೊರೆಸಿಕೊಂಡಳು.

ಮರುದಿನ ಮೇಡಂ ಕೋಣೆಯಲ್ಲಿ ಆ ನಿರೂಪಕಿಯೂ ಕೂತಿದ್ದಳು. ಮೇಡಂ ಬಾಯಿ ತೆರೆಯುವ ಮೊದಲು ಅವಳೇ ಶುರುಮಾಡಿದಳು.

"ಸರ್, ನೀವು ದೇವರು! ದೊಡ್ಡ ಬ್ರೇಕಿಂಗ್ ಬಂದ ದಿನ ನಾವು ಸ್ಟುಡಿಯೋದಲ್ಲಿ ಬೆಳಿಗ್ಗೆಯಿಂದ ಸಂಜೇವರೆಗೂ ಕೂತಿರ್ತೀವಿ. ಒಂದು ಗುಟುಕು ನೀರು ಕುಡಿಯಕ್ಕೂ ಬಿಡುವಿರಲ್ಲ. ಆ ಪಟಾಕಿ ಮಹಾರಾಯ ಕೇಳೋಕ್ಕೆ ಮೊದ್ಲೇ ಉತ್ತರ ಕೊಟ್ಟು ನನ್ನ ಮುಖ ನೋಡ್ತಾನೆ. ನಿನ್ನೆ ನಿಮ್ಮ ಉತ್ತರ ಬರೋಷ್ಟರಲ್ಲಿ ನಾನು ಇಡೀ ಡಬ್ಬಿ ಊಟ ಮಾಡಿದೆ ಸರ್! ಮೊಸರೂ ತಿಂದೆ!"

"ಆಮೇಲೆ ಸಂಜೆ ಆದ್ರೂ ಇವಳ ಮುಖದಲ್ಲಿ ಕಳೆ ಇತ್ತು" ಅಂದರು ಮೇಡಂ, ಒಪ್ಪಿಕೊಳ್ಳಲು ಇಷ್ಟವಿಲ್ಲದವರಂತೆ. "ಜನರೂ ರಿಮೋಟ್ ಮುಟ್ಟಿಲ್ಲ. ನೀವು ಬಾಯಿ ಬಿಡೋವರೆಗೂ ಟ್ಯಾಂಕ್ ಏನಾಯ್ತೋ ಅಂತ ಕಾದಿದ್ದಾರೆ. ನೆಲಮಾಳಿಗೆ ಬೇಡ ಸರ್. ಇನ್ಮೇಲೆ ಎಲ್ಲೆಲ್ಲಿ ಬಹಳ ಹೊತ್ತು ಕಾಯ್ಬೇಕೋ, ಅಲ್ಲಿಗೆಲ್ಲ ನೀವೇ."

ಭಾವ ಒಪ್ಪಿಕೊಂಡರು, ಯಥಾಪ್ರಕಾರ ತಡವಾಗಿ.

ಈಗ ಅವರು ದೇಶದ ಯಾವ ಮೂಲೆಯಲ್ಲಿ ಮುಚ್ಚಿದ ಬಾಗಿಲಿದ್ದರೂ ಅದರ ಮುಂದೆ ನಿಲ್ಲುತ್ತಾರೆ. ನಾಯಕರು ಒಳಗೆ ಸಭೆ ಮಾಡುತ್ತಿದ್ದರೆ ಹೊರಗೆ ಭಾವ. ಗಣ್ಯರು ಆಸ್ಪತ್ರೆ ಸೇರಿದರೆ ಗೇಟಿನಲ್ಲಿ ಭಾವ. ಬಂದರಿನ ಬಾಯಲ್ಲಿ ಹಡಗು ಸಿಕ್ಕಿಕೊಂಡರೆ ದಡದಲ್ಲಿ ಕೊಡೆ ಹಿಡಿದುಕೊಂಡು ಭಾವ. ಒಂದೇ ತೊಂದರೆ ಏನೆಂದರೆ, ಏನಾದರೂ ಆಗಿಬಿಟ್ಟರೆ ಅವರನ್ನು ಪಕ್ಕಕ್ಕೆ ಸರಿಸಿ ಪಟಾಕಿಯನ್ನು ಕರೆಸುತ್ತಾರೆ. ಹಾಗಾಗಿ ಸುದ್ದಿ ಹುಟ್ಟಿದ್ದಕ್ಕೆ ದುಃಖಪಡುವ ವರದಿಗಾರ ಬಹುಶಃ ಜಗತ್ತಿನಲ್ಲಿ ಅವರೊಬ್ಬರೇ.

ಮೊನ್ನೆ ನಾನು ಅಕ್ಕನ ಮನೆಯಲ್ಲಿ ಹರಟುತ್ತಾ ಕೂತಿದ್ದೆ. ವಾರವಿಡೀ ಸಭೆಯ ಬಾಗಿಲಲ್ಲಿ ನಿಂತಿರಬೇಕಿದ್ದ ಭಾವ ಮಧ್ಯಾಹ್ನವೇ ಚೀಲ ಹಿಡಿದು ಬಂದು, ಶೂ ಬಿಚ್ಚಿ, ಮುಖ ಸಣ್ಣದು ಮಾಡಿಕೊಂಡು ಕುರ್ಚಿಯಲ್ಲಿ ಕೂತರು.

"ಏನ್ರೀ, ಇಷ್ಟು ಬೇಗ?" ಎಂದಳು ಅಕ್ಕ.

ನಾವಿಬ್ಬರೂ ಕಾದೆವು. ಇತ್ತೀಚೆಗೆ ನಮಗೂ ಸ್ವಲ್ಪ ಅಭ್ಯಾಸವಾಗಿದೆ.

"ಬಾಗಿಲು ತೆಗೆದುಬಿಟ್ರು" ಅಂದರು ಭಾವ. "ಒಪ್ಪಂದ ಆಗಿಹೋಯ್ತಂತೆ."

ಅಕ್ಕ ಅವರ ಮುಂದೆ ನೀರಿನ ಲೋಟ ಇಟ್ಟು, "ಹೋಗ್ಲಿ ಬಿಡಿ, ಬೇಜಾರು ಮಾಡ್ಕೋಬೇಡಿ" ಎಂದು ಸಮಾಧಾನ ಹೇಳಿದಳು. "ನಾಳೆ ಎಲ್ಲಾದ್ರೂ ಏನೂ ಆಗದೆ ಇದ್ದೇ ಇರತ್ತೆ."